ಪದ ಬೇಕು, ಬೇಗ: ಹಡಗಿನ ‘ಫಾರ್ಮಲ್ ನೈಟ್’ ಮತ್ತು ‘ಬ್ಲ್ಯಾಕ್ ಟೈ’

ಗೆಳೆಯರೇ,

ಪ್ರವಾಸಿ ಹಡಗಿನ ಪ್ರಯಾಣಿಕರಿಗೆ ಕೊಡುವ ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಮಿಕ್ಕಿದ್ದೆಲ್ಲ ಮುಗಿಯಿತು. ಗಂಡಸರು ರಾತ್ರಿಯೂಟಕ್ಕೆ ಏನು ಹಾಕಿಕೊಂಡು ಬರಬೇಕು ಅನ್ನುವ ಅರ್ಧ ಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ವಿಷಯ ಇಷ್ಟು. ಏಳು ರಾತ್ರಿಯ ಪ್ರಯಾಣದಲ್ಲಿ ಎರಡು ರಾತ್ರಿ ‘ಫಾರ್ಮಲ್ ನೈಟ್’. ಆವತ್ತು ದೊಡ್ಡ ಊಟದ ಹಾಲಿಗೆ ಬರುವ ಗಂಡಸರು ‘ಬ್ಲ್ಯಾಕ್ ಟೈ’ಯಲ್ಲಿರಬೇಕು. ಅದಿಲ್ಲದವರಿಗೆ ಗಾಢ ಬಣ್ಣದ ಸೂಟು ಮತ್ತು ಟೈ ಸಾಕು. ಚಡ್ಡಿ, ರಬ್ಬರ್ ಚಪ್ಪಲಿ, ತೋಳಿಲ್ಲದ ಬನಿಯನ್, ಕ್ಯಾಪು ಕೂಡದು. ಇದೆಲ್ಲ ಬೇಡ ಅನ್ನುವವರಿಗೆ ಬಫೆ ಇದೆ.

ನನ್ನ ಕರಡು: ‘ಔಪಚಾರಿಕ ರಾತ್ರಿ. ಪುರುಷರ ವಸ್ತ್ರಸಂಹಿತೆ: ಕಪ್ಪು ಟೈ, ಭೋಜನ ಜಾಕೆಟ್, ಕಮ್ಮರ್‌ಬಂಡ್.’

ಓದಿದರೆ ನನಗೇ ಸಮಾಧಾನ ಆಗುತ್ತಿಲ್ಲ. ಹಡಗು ಹತ್ತಿದವನಿಗೆ ಪೆಟ್ಟಿಗೆಯಿಂದ ಯಾವ ಬಟ್ಟೆ ತೆಗೆಯಬೇಕು ಅಂತ ಇದರಿಂದ ತಿಳಿಯುತ್ತದಾ? ದಯವಿಟ್ಟು ಸಹಾಯ ಮಾಡಿ.

ಉತ್ತರ 1

‘ವಸ್ತ್ರಸಂಹಿತೆ’ ಬೇಡವೇ ಬೇಡ. ಊಟಕ್ಕೆ ಹೋಗುವವನಿಗೆ ಸಂಹಿತೆ ಯಾಕೆ? ‘ಕಟ್ಟಳೆ’ ಅನ್ನುವ ಗಟ್ಟಿ ಪದ ಇದೆ.

ಇನ್ನೊಂದು ಮಾತು. ಉಡುವುದು ಬೇರೆ, ತೊಡುವುದು ಬೇರೆ. ಸೀರೆ, ಪಂಚೆ ಉಡುತ್ತೇವೆ. ಅಂಗಿ, ಕೋಟು ತೊಡುತ್ತೇವೆ. ಈ ಭೇದ ಕನ್ನಡದ ಆಸ್ತಿ, ಅದಕ್ಕೇ ‘ಉಡುಗೆ ತೊಡುಗೆ’ ಅಂತ ಎರಡೂ ಸೇರಿಸಿ ಹೇಳುತ್ತೇವೆ. ನಿಮ್ಮ ಪಟ್ಟಿಯಲ್ಲಿ ಸುತ್ತಿಕೊಳ್ಳುವ ಬಟ್ಟೆ ಒಂದೂ ಇಲ್ಲ. ಹಾಗಾಗಿ ‘ತೊಡುಗೆ ಕಟ್ಟಳೆ’. ಬೋ ಟೈಗೆ ‘ಬಿಲ್ಲುಟೈ’. ‘ಡ್ರೆಸ್’ ಎಲ್ಲಿಯೂ ಬರಕೂಡದು. ‘ದಿರಿಸು’ ಅನ್ನುವ ಒಳ್ಳೆಯ ಕನ್ನಡ ಪದ ಇರುವಾಗ ಅದು ಯಾಕೆ ಬೇಕು?

ಉತ್ತರ 2

ಮೇಷ್ಟ್ರೇ, ಎರಡು ಕಡೆ ನಿಮ್ಮ ಮಾತು ನಿಲ್ಲುವುದಿಲ್ಲ.

ಮೊದಲು ದಿರಿಸು. ಅದು ಇಂಗ್ಲಿಷಿನ ಡ್ರೆಸ್ಸೇ. ನಾಲಿಗೆಗೆ ಒಗ್ಗುವಂತೆ ಒತ್ತಕ್ಷರ ಒಡೆದು ‘ದಿರಿ’ ಆಯಿತು, ಕೊನೆಗೊಂದು ಉಕಾರ ಸೇರಿತು, ಅಷ್ಟೇ.

ಆಮೇಲೆ, ಸುತ್ತಿಕೊಳ್ಳುವ ಬಟ್ಟೆ ಒಂದೂ ಇಲ್ಲ ಅಂದಿರಿ. ಇದೆ. ಕಮ್ಮರ್‌ಬಂಡ್ ಅಂದರೆ ಅದೇ. ಅಗಲವಾದ ರೇಷ್ಮೆ ಪಟ್ಟಿ, ಶರ್ಟು ಪ್ಯಾಂಟಿನೊಳಗೆ ಹೋಗುವ ಜಾಗ ಮುಚ್ಚುವಂತೆ ನಡುವಿಗೆ ಸುತ್ತಿ ಹಿಂದೆ ಬಿಗಿಯುವಂಥದ್ದು. ನೆರಿಗೆಗಳ ಬಾಯಿ ಮೇಲಕ್ಕೆ ತೆರೆದಿರಬೇಕು, ಕೆಳಕ್ಕಲ್ಲ. ಪದ ಪಾರಸಿಯದು. ಕಮರ್ ಅಂದರೆ ನಡು, ಬಂದ್ ಅಂದರೆ ಕಟ್ಟು. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಸೆಕೆ ತಡೆಯಲಾರದೆ ವೇಸ್ಟ್‌ಕೋಟು ಬಿಟ್ಟು ಇದನ್ನು ಕಟ್ಟಿಕೊಳ್ಳಲು ಶುರು ಮಾಡಿದರು. ಹಾಗೆ ಅದು ಅವರ ರಾತ್ರಿಯೂಟದ ಉಡುಪಿಗೆ ಸೇರಿತು. ಈಗ ನಾವು ಇಂಗ್ಲಿಷಿನ ಸ್ಪೆಲಿಂಗ್ ನೋಡಿಕೊಂಡು ‘ಕಮ್ಮರ್‌ಬಂಡ್’ ಅಂತ ಬರೆಯುವುದು ನನಗೆ ನಿಜವಾಗಿ ಬೇಜಾರು ತರುತ್ತದೆ. ಬಂದೋಬಸ್ತಿನಲ್ಲಿರುವುದೂ ಈ ಬಂದೇ. ತೋಳಿನ ಬಾಜುಬಂದಿಯಲ್ಲಿರುವುದೂ ಇದೇ. ‘ಕಮರಬಂದು’ ಅಂತ ಬರೆಯಿರಿ. ಮೇಷ್ಟ್ರಿಗೆ ಅದೂ ಬೇಡವಾದರೆ ‘ನಡುಕಟ್ಟು’ ಅನ್ನಿ, ಅರ್ಥ ಅಕ್ಷರಕ್ಕೆ ಅಕ್ಷರ ಅದೇ.

ಇವೆಲ್ಲಕ್ಕಿಂತ ಮುಖ್ಯವಾದದ್ದು ‘ಕಪ್ಪು ಟೈ’. ಅದನ್ನು ಹಾಗೇ ಅಚ್ಚು ಹಾಕಿಸಬೇಡಿ. ಬ್ಲ್ಯಾಕ್ ಟೈ ಅನ್ನುವುದು ಒಂದು ಟೈಯ ಹೆಸರಲ್ಲ, ಇಡೀ ಉಡುಪಿನ ಹೆಸರು. ಎದೆಯ ಮಡಿಕೆಗೆ ರೇಷ್ಮೆ ಹಚ್ಚಿದ ಕಪ್ಪು ಕೋಟು, ಹೊರಗಡೆ ಹೊಲಿಗೆಯುದ್ದಕ್ಕೂ ರೇಷ್ಮೆ ಪಟ್ಟಿ ಇಳಿದಿರುವ ಪ್ಯಾಂಟು, ಬಿಳಿ ಶರ್ಟು, ಕಪ್ಪು ಬೋ ಟೈ, ನಡುವಿಗೆ ಕಮರಬಂದು ಇಲ್ಲವೇ ವೇಸ್ಟ್‌ಕೋಟು, ಹೊಳೆಯುವ ಕಪ್ಪು ಬೂಟು. ಇಷ್ಟೂ ಸೇರಿದರೆ ಬ್ಲ್ಯಾಕ್ ಟೈ. ವೈಟ್ ಟೈ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ, ಹಿಂದೆ ಬಾಲ ಇಳಿಬಿದ್ದ ಕೋಟು ಅದಕ್ಕೆ ಬೇಕು. ಸಾಮಾನ್ಯ ಉದ್ದ ಟೈ ಎಷ್ಟೇ ಕಪ್ಪಗಿರಲಿ, ಅದನ್ನು ಕಟ್ಟಿಕೊಂಡವನು ಬ್ಲ್ಯಾಕ್ ಟೈಯಲ್ಲಿ ಬಂದ ಹಾಗಾಗುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮಣ್ಣ ಒಂದು ಹಡಗಿನಲ್ಲಿ ಹೋದಾಗ ಇದೇ ಎರಡು ಪದ ಓದಿಕೊಂಡು ಹೊಸದೊಂದು ಕಪ್ಪು ಟೈ ಕೊಂಡಿದ್ದ. ತಿಳಿನೀಲಿ ಚೌಕಳಿ ಶರ್ಟಿನ ಮೇಲೆ ಅದನ್ನು ಕಟ್ಟಿ, ಗಂಟು ಮೂರು ಸಲ ಬಿಚ್ಚಿ ಸರಿ ಮಾಡಿಕೊಂಡು ಅತ್ತಿಗೆ ಜೊತೆ ಹೊರಟ. ಹಾಲಿನ ಬಾಗಿಲಲ್ಲಿದ್ದವರು ಮೆಲ್ಲಗೆ, ‘ಕೋಟು ರೂಮಿನಲ್ಲಿ ಬಿಟ್ಟು ಬಂದಿದ್ದೀರಾ ಸರ್?’ ಅಂತ ಕೇಳಿದರು. ಕೋಟು ತಂದೇ ಇರಲಿಲ್ಲ. ಒಳಗೆ ಕುಳಿತವರನ್ನು ಒಮ್ಮೆ ನೋಡಿದ, ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡ, ಇಬ್ಬರೂ ಬಫೆಗೆ ಹೋದರು. ಅತ್ತಿಗೆ ಆ ರಾತ್ರಿಗೆಂದೇ ತೆಗೆದಿಟ್ಟಿದ್ದ ಸೀರೆ ಉಟ್ಟಿದ್ದರು. ಅವರಿಬ್ಬರ ಊಟ ಕೆಟ್ಟದ್ದು ಒಂದು ಪದದಿಂದ.

ಉತ್ತರ 3

‘ಔಪಚಾರಿಕ’ ಅನ್ನುವುದನ್ನೂ ತೆಗೆದುಬಿಡಿ. ದಿನಬಳಕೆಯಲ್ಲಿ ಅದಕ್ಕೆ ಬೇರೆ ಅರ್ಥ ಬಂದುಬಿಟ್ಟಿದೆ. ‘ಔಪಚಾರಿಕವಾಗಿ ಕರೆದರು’ ಅಂದರೆ ಮನಸ್ಸಿಲ್ಲದೆ, ಸುಮ್ನೆ ಬಾಯಿಮಾತಿಗೆ ಕರೆದರು ಅಂತಲೇ ಅಲ್ವಾ? ಔಪಚಾರಿಕ ಊಟಕ್ಕೆ ಯಾರು ಹೋಗುತ್ತಾರೆ?

‘ಜಾಕೆಟ್’ ಕೂಡ ಬೇಡ. ನಮ್ಮಜ್ಜಿ ರವಿಕೆಗೆ ಜಾಕೀಟು ಅನ್ನುತ್ತಿದ್ದರು. ಈಗಿನ ಹುಡುಗರಿಗೆ ಜಾಕೆಟ್ ಅಂದರೆ ಜಿಪ್ ಇರುವ ಚಳಿ ಅಂಗಿ. ಡಿನ್ನರ್ ಜಾಕೆಟ್ ಈ ಎರಡೂ ಅಲ್ಲ. ‘ಕೋಟು’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ರಾತ್ರಿಗೆ ‘ಸಿಂಗಾರದ ರಾತ್ರಿ’ ಹೇಗೆ?

ಉತ್ತರ 4

‘ಸಿಂಗಾರದ ರಾತ್ರಿ’ಗೆ ಬೇರೆಯದೇ ಅರ್ಥ ಬರುತ್ತದೆ. ಬೇಡ.

ಒಂದು ಉಪಯೋಗದ ಮಾತು ಸೇರಿಸುತ್ತೇನೆ. ಇಂಥ ರಾತ್ರಿಯನ್ನು ಸಾಮಾನ್ಯವಾಗಿ ಹಡಗು ಹತ್ತಿದ ದಿನ ಇಡುವುದಿಲ್ಲ. ಪೆಟ್ಟಿಗೆಗಳು ಇನ್ನೂ ಕೋಣೆಗೆ ಬಂದಿರುವುದಿಲ್ಲ. ಇಳಿಯುವ ಹಿಂದಿನ ರಾತ್ರಿಯೂ ಇರುವುದಿಲ್ಲ, ಪೆಟ್ಟಿಗೆ ಕಟ್ಟಿ ಹೊರಗಿಟ್ಟಾಗಿರುತ್ತದೆ. ಹಾಗಾಗಿ ಹೆಸರಿನ ಪಕ್ಕದಲ್ಲೇ ಎಷ್ಟನೇ ರಾತ್ರಿ ಅಂತ ಹಾಕಿ. ಹಡಗಿನ ಕಂಪನಿಗಳೇ ಈಗ ‘ಫಾರ್ಮಲ್’ ಪದ ಬಿಡುತ್ತಿವೆ. ಕ್ಯೂನಾರ್ಡ್‌ನವರು ‘ಗಾಲಾ ಈವ್ನಿಂಗ್’ ಅನ್ನುತ್ತಾರೆ. ಸೆಲೆಬ್ರಿಟಿ ಕ್ರೂಸಸ್‌ನವರು ‘ಈವ್ನಿಂಗ್ ಶಿಕ್’ ಅಂತ ಬದಲಾಯಿಸಿ ನಿಯಮವನ್ನೂ ಸಡಿಲ ಮಾಡಿದರು. ಅವರೇ ಬಿಟ್ಟ ಪದಕ್ಕೆ ನಾವು ಸಂಸ್ಕೃತದಲ್ಲಿ ಸಮಪದ ಹುಡುಕುವುದು ಬೇಡ. ‘ವಿಶೇಷ ಉಡುಪಿನ ರಾತ್ರಿ’ ಅಂದರೆ ಹೆಂಗಸರಿಗೂ ಗಂಡಸರಿಗೂ ಸಲ್ಲುತ್ತದೆ.

ಉತ್ತರ 5

ದಿರಿಸಿನ ವಿಷಯ ತಪ್ಪು ಹೇಳಿದ್ದೆ, ಒಪ್ಪಿದೆ. ಆದರೆ ತತ್ವ ಬಿಡುವುದಿಲ್ಲ. ಹೊರಗಿನ ಪದ ಬರಲಿ, ಕನ್ನಡದ ನಡೆ ಕಲಿತು ಬರಲಿ. ದಿರಿಸು, ಕೋಟು, ಸೂಟು, ಬೂಟು, ಷರಟು ಎಲ್ಲ ಹಾಗೆ ಬಂದವು. ಕೊನೆಯಲ್ಲಿ ಸ್ವರ ಇದೆ, ವಿಭಕ್ತಿ ಸಲೀಸಾಗಿ ಅಂಟುತ್ತದೆ. ಈ ಲೆಕ್ಕದಲ್ಲಿ ಕಮರಬಂದು ಆಗಬಹುದು. ಡಿನ್ನರ್ ಕೋಟಿಗೆ ಅಮೆರಿಕದವರು ಅನ್ನುವ ‘ಟಕ್ಸೀಡೊ’ ಆಗುವುದಿಲ್ಲ. ಅದು ಒಂದು ಊರಿನ ಹೆಸರು, ಬಟ್ಟೆಯ ಹೆಸರಲ್ಲ.

‘ವಿಶೇಷ’ವೂ ಸಂಸ್ಕೃತವೇ. ಯಾರೂ ಗಮನಿಸಲಿಲ್ಲವಾ?

ಉತ್ತರ 6

ಗಮನಿಸಿದೆವು. ಆದರೆ ಸಂಸ್ಕೃತದಿಂದ ಬಂದದ್ದೂ ಸಾಲವೇ, ಇಂಗ್ಲಿಷಿನಿಂದ ಬಂದದ್ದೂ ಸಾಲವೇ. ಒಂದಕ್ಕೆ ಬಾಗಿಲು ತೆರೆದು ಇನ್ನೊಂದಕ್ಕೆ ಅಗುಳಿ ಹಾಕುವುದು ಯಾವ ನ್ಯಾಯ? ಕಮರಬಂದಿನ ‘ಬಂದ್’, ಸಂಸ್ಕೃತದ ‘ಬಂಧ’, ಇಂಗ್ಲಿಷಿನ ‘ಬೈಂಡ್’ ಮೂರೂ ಒಂದೇ ಬೇರಿನವು. ಬಂಧ ಶುದ್ಧ, ಬಂದ್ ಮೈಲಿಗೆ ಅನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ಟಕ್ಸೀಡೊ ಊರಿನ ಹೆಸರು, ನಿಜ. ನ್ಯೂಯಾರ್ಕ್ ರಾಜ್ಯದ ಟಕ್ಸೀಡೊ ಪಾರ್ಕ್. 1886ರಲ್ಲಿ ಅಲ್ಲಿ ಶುರುವಾದ ಕ್ಲಬ್ಬಿನಿಂದ ಆ ಗಿಡ್ಡ ಕೋಟಿಗೆ ಅಮೆರಿಕದಲ್ಲಿ ಆ ಹೆಸರು ನಿಂತಿತು. ಬ್ರಿಟನ್ನಿನವರು ಅದನ್ನೇ ಡಿನ್ನರ್ ಜಾಕೆಟ್ ಅನ್ನುತ್ತಾರೆ. ಫ್ರೆಂಚರು, ಜರ್ಮನರು, ಇಟಲಿಯವರು ಏನನ್ನುತ್ತಾರೆ ಗೊತ್ತಾ? ‘ಸ್ಮೋಕಿಂಗ್’. ಇಂಗ್ಲಿಷಿನ ಸ್ಮೋಕಿಂಗ್ ಜಾಕೆಟ್‌ನ ಮೊದಲರ್ಧ ತೆಗೆದುಕೊಂಡರು. ಇಂಗ್ಲಿಷಿನವರು ಈ ಕೋಟನ್ನು ಹಾಗೆ ಕರೆಯುವುದೇ ಇಲ್ಲ. ಸಾಲದ ಪದ ತಂದ ಮನೆಯಲ್ಲಿ ತನ್ನದೇ ಬಾಳು ಬಾಳುತ್ತದೆ. ಅದರಿಂದ ಫ್ರೆಂಚ್ ಸತ್ತುಹೋಗಲಿಲ್ಲ. ಕನ್ನಡಕ್ಕೂ ಆ ಜೀರ್ಣಶಕ್ತಿ ಇದೆ ಅಂತ ನಾನು ನಂಬಿದ್ದೇನೆ.

‘ಬಿಲ್ಲುಟೈ’ ಬಗ್ಗೆ: ಬಾಣ ಬಿಡುವ ಬಿಲ್ಲಿಗೂ ಈ ಗಂಟಿಗೂ ಇಂಗ್ಲಿಷಿನಲ್ಲಿ ಒಂದೇ ಮೂಲ, ಎರಡೂ ಬಾಗಿದ್ದರಿಂದ ಬಂದ ಹೆಸರು. ಆದರೆ ಕನ್ನಡದಲ್ಲಿ ಬಿಲ್ಲು ಅಂದಾಗ ಯಾರಿಗೂ ಗಂಟು ನೆನಪಾಗುವುದಿಲ್ಲ. ಬೋ ಟೈ ಅಂತಲೇ ಬಿಡಿ.

ಉತ್ತರ 7

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಅಣ್ಣನ ಕತೆ ಓದಿದ ಮೇಲೆ ಅರ್ಧ ಪುಟವನ್ನು ಪೂರ್ತಿ ಹೊಸದಾಗಿ ಬರೆದೆ. ಹೀಗೆ ಹೋಗುತ್ತದೆ:

‘ವಿಶೇಷ ಉಡುಪಿನ ರಾತ್ರಿ (ಎರಡನೆಯ ಮತ್ತು ಆರನೆಯ ರಾತ್ರಿ). ಗಂಡಸರು ಬ್ಲ್ಯಾಕ್ ಟೈ ಉಡುಪಿನಲ್ಲಿ ಬರಬೇಕು. ಅಂದರೆ ಕಪ್ಪು ಡಿನ್ನರ್ ಕೋಟು, ಅದರದೇ ಪ್ಯಾಂಟು, ಬಿಳಿ ಶರ್ಟು, ಕಪ್ಪು ಬೋ ಟೈ, ಕಮರಬಂದು ಇಲ್ಲವೇ ವೇಸ್ಟ್‌ಕೋಟು, ಕಪ್ಪು ಬೂಟು. ಇದು ಇಲ್ಲದಿದ್ದರೆ ಗಾಢ ಬಣ್ಣದ ಸೂಟು ಮತ್ತು ಟೈ. ಬರೀ ಟೈ ಸಾಲದು, ಕೋಟು ಇರಲೇಬೇಕು.’

ಮೇಲೆ ತಲೆಬರಹ ‘ಉಡುಗೆ ಕಟ್ಟಳೆ’. ಮೇಷ್ಟ್ರ ‘ತೊಡುಗೆ’ ಬಿಟ್ಟಿದ್ದೇನೆ, ಕ್ಷಮಿಸಿ. ಕಮರಬಂದನ್ನು ಸುತ್ತಿಕೊಳ್ಳುತ್ತಾರಲ್ಲ.

ಉತ್ತರ 8

‘ಗಾಢ ಬಣ್ಣದ’ ತೆಗೆದು ‘ಕಡುಬಣ್ಣದ’ ಮಾಡಿ. ಅಚ್ಚಿಗೆ ಕೊಡುವ ಮುಂಚೆ.