ಚಗಳಿ ಚಟ್ನಿಯನ್ನು ಮುಚ್ಚಿಡಬೇಕೇ?

ಹೊಸನಗರದ ಸೊಸೆ: ಮೊನ್ನೆ ಬೆಂಗಳೂರಿನ ಅಳಿಯ ಊಟಕ್ಕೆ ಕುಳಿತಾಗ ನಮ್ಮ ಅತ್ತೆ ಚಗಳಿ, ಅಂದರೆ ಮರದ ಕೆಂಪಿರುವೆಯ ಚಟ್ನಿಯ ಬಟ್ಟಲನ್ನು ಒಳಗೆ ಸರಿಸಿಬಿಟ್ಟರು. ಕೆಂಪಿರುವೆ ತಿನ್ನುವ ಮನೆ ಎಂದು ಅವನು ಮೂಗು ಮುರಿದಾನೆಂಬ ಅಂಜಿಕೆ. ಇದೇ ಇರುವೆಯ ಚಟ್ನಿಗೆ ಒಡಿಶಾದ ಮಯೂರ್‌ಭಂಜ್‌ನವರು 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದರು. ನಮಗೇಕೆ ಈ ನಾಚಿಕೆ?

ಸಾಗರದ ಭಟ್ಟರು: ಮಾನ್ಯತೆ ಸಿಕ್ಕಿತೆಂದು ಎಲ್ಲರೂ ತಿನ್ನಬೇಕೇ ತಂಗಿ? ಮೊದಲು ಬೇರೇನೂ ಸಿಗದವರು ತಿನ್ನುತ್ತಿದ್ದರು, ಅಷ್ಟೆ.

ಕೊಪ್ಪದ ಹುಡುಗ: ಬೇರೇನೂ ಸಿಗದವರು ಕಳಲೆಯನ್ನೂ ತಿನ್ನುತ್ತಿದ್ದರು ಭಟ್ಟರೇ. ಈಗ ನೀವು ಅದನ್ನು ದುಡ್ಡು ಕೊಟ್ಟು ತರುತ್ತೀರಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರ ವರದಿಯಲ್ಲಿ ಲೆಕ್ಕ ಕೊಟ್ಟಿದೆ: ದನದ ಮೈತೂಕ ಒಂದು ಕಿಲೋ ಹೆಚ್ಚಲು ಸುಮಾರು 8 ಕಿಲೋ ಮೇವು ಬೇಕು, ಒಂದು ಕಿಲೋ ಹುಳಕ್ಕೆ ಸರಾಸರಿ 2 ಕಿಲೋ ಸಾಕು. ಮೈ ಬಿಸಿಯಾಗಿಟ್ಟುಕೊಳ್ಳಲು ಹುಳ ಮೇವನ್ನು ಸುಡುವುದಿಲ್ಲ.

ಹೊಸನಗರದ ಸೊಸೆ: ಆ ಲೆಕ್ಕ ಸಾಕಿದ ಹುಳಕ್ಕೆ ತಮ್ಮ. ಚಗಳಿಯನ್ನು ಯಾರು ಸಾಕುತ್ತಾರೆ? ಮಾವಿನ ಮರ ಹತ್ತಿ, ಎಲೆ ಹೆಣೆದ ಗೂಡನ್ನು ಕೊಂಬೆ ಸಮೇತ ಕತ್ತರಿಸಿ, ಕಚ್ಚಿಸಿಕೊಳ್ಳುತ್ತಲೇ ಬಿಸಿ ಬಾಣಲೆಗೆ ಒದರಬೇಕು. ಹುರಿದು ಉಪ್ಪು, ಕಾಯಿ, ಬೆಳ್ಳುಳ್ಳಿ, ಸೂಜಿಮೆಣಸು ಸೇರಿಸಿ ಅರೆಯುವುದು. ಹುಳಿ ಬೇರೆ ಹಾಕುವುದು ಬೇಡ, ಇರುವೆಯಲ್ಲೇ ಇದೆ.

ಗೇರುತೋಟದ ಹಿರಿಯ: ನನಗೆ ನಾಚಿಕೆಯ ಚಿಂತೆಯಿಲ್ಲ, ಮಾರುಕಟ್ಟೆಯ ಚಿಂತೆ. ಗೇರಿನ ಚಿಗುರು ಒಣಗಿಸುವ ಟೀ ಸೊಳ್ಳೆ ಎಂಬ ರಸ ಹೀರುವ ತಿಗಣೆಯನ್ನು ಹಿಡಿಯುವುದು ಇದೇ ಚಗಳಿ. ದಕ್ಷಿಣ ಚೀನಾದವರು 1,700 ವರ್ಷಗಳ ಹಿಂದೆಯೇ ಕಿತ್ತಳೆ ಜಾತಿಯ ಗಿಡಗಳಿಗೆ ಇದರ ಗೂಡನ್ನು ಕೊಂಡು ತಂದು ಕಟ್ಟುತ್ತಿದ್ದರು. ಗೂಡಿಗೆ ಬೆಲೆ ಕಟ್ಟಿದ ಮರುವರ್ಷವೇ ನಮ್ಮ ಮರಗಳು ಬೋಳು. ನಿಮ್ಮ ಅತ್ತೆ ಮುಚ್ಚಿಟ್ಟ ಬಟ್ಟಲೇ ಒಂದು ಲೆಕ್ಕದಲ್ಲಿ ಅದರ ಕಾವಲು.

ಹೊಸನಗರದ ಸೊಸೆ: ಒಪ್ಪುವುದಿಲ್ಲ ಅಣ್ಣ. ತಿನ್ನುವವರು ವರ್ಷಕ್ಕೆ ಒಂದೆರಡು ಗೂಡು ಇಳಿಸುತ್ತಾರೆ. ತಿನ್ನದವರು ಮರವಿಡೀ ಔಷಧ ಹೊಡೆಯುತ್ತಾರೆ. ನಮ್ಮ ಪಕ್ಕದ ತೋಟದಲ್ಲಿ ಚಟ್ನಿ ಮಾಡುವವರು ಯಾರೂ ಇಲ್ಲ, ಚಗಳಿಯೂ ಇಲ್ಲ.

ಗೇರುತೋಟದ ಹಿರಿಯ: ಔಷಧದ ಮಾತು ನಿಜ. ನಾನೂ ಹೊಡೆದವನೇ.

ಕೊಪ್ಪದ ಹುಡುಗ: ಒಂದು ಎಚ್ಚರಿಕೆ, ಸಿಗಡಿ ಒಗ್ಗದವರಿಗೆ ಹುಳವೂ ಒಗ್ಗದಿರಬಹುದು.

ಸಾಗರದ ಭಟ್ಟರು: ನಾನಂತೂ ತಿನ್ನುವುದಿಲ್ಲ. ಆದರೂ ಕೇಳುತ್ತೇನೆ, ಹುರಿಯುವಾಗ ಎಣ್ಣೆ ಹಾಕುತ್ತೀರಾ?

ಹೊಸನಗರದ ಸೊಸೆ: ಒಣ ಬಾಣಲೆ ಭಟ್ಟರೇ. ಎಣ್ಣೆ ಬಿದ್ದರೆ ನಮ್ಮ ಅತ್ತೆ ಅದನ್ನು ಚಟ್ನಿ ಎಂದೇ ಕರೆಯುವುದಿಲ್ಲ.