ಕಿಂಗ್ ಸ್ಟ್ರೀಟ್ ನಿವಾಸಿಗಳ ಗುಂಪು, ಬಾಸ್ಟನ್, 6 ಮಾರ್ಚ್ 1770: ಬ್ರಿಟಿಷ್ ಸೇನೆಯ ಎರಡೂ ರೆಜಿಮೆಂಟ್ (ದಳ) ಊರು ಬಿಡಲಿ

ಮೂಲೆ ಮನೆ: ಇನ್ನು ಸಾಕು. ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ. ಚರ್ಚ್ ಗಂಟೆ ಹೊಡೆದದ್ದು ಕೇಳಿ ಎಲ್ಲೋ ಬೆಂಕಿ ಬಿದ್ದಿದೆ ಅಂತ ನಮ್ಮ ಯಜಮಾನರು ಬಕೆಟ್ ಹಿಡಿದು ಓಡಿದರು. ಬೆಂಕಿ ಎಲ್ಲಿತ್ತು? ಕಸ್ಟಮ್ಸ್ ಆಫೀಸಿನ ಮುಂದೆ ಸಿಪಾಯಿಗಳು ಬಂದೂಕು ಹಿಡಿದು ಸಾಲಾಗಿ ನಿಂತಿದ್ದರು. ಜನರ ಮೇಲೆ ಗುಂಡು ಹಾರಿಸಿದರು, ಮೂವರು ಅಲ್ಲೇ ಹೋದರು. ಮ್ಯಾವರಿಕ್ ಹುಡುಗ ಬೆಳಿಗ್ಗೆ ತೀರಿಕೊಂಡ, ಬರೀ 17 ವರ್ಷ ರೀ. ಬೀದಿಯ ಹಿಮ ಕೆಂಪಾಗಿದೆ, ಸಲಿಕೆ ತಗೊಂಡು ಹೋದವಳು ಕೈ ಬರದೆ ಹಾಗೇ ಒಳಗೆ ಬಂದೆ. 14ನೇ ರೆಜಿಮೆಂಟೂ ಬೇಡ, 29ನೆಯದೂ ಬೇಡ. 11 ಗಂಟೆಗೆ ಫ್ಯಾನ್ಯುಯಲ್ ಹಾಲ್‌ನಲ್ಲಿ ಸಭೆ. ಮನೆಗೊಬ್ಬರಾದರೂ ಬನ್ನಿ.

ಹಗ್ಗದ ಕಾರ್ಖಾನೆ: ನಾನು 1768ರ ಅಕ್ಟೋಬರ್ 1ರಂದೇ ಹೇಳಿದ್ದೆ. ಈ ಸಿಪಾಯಿಗಳು ಬಂದರಿನ ಲಾಂಗ್ ವಾರ್ಫ್‌ನಲ್ಲಿ ಇಳಿದು ಡ್ರಮ್ ಬಾರಿಸಿಕೊಂಡು ಬರುವಾಗ ಎಲ್ಲರೂ ಕಿಟಕಿಯಲ್ಲಿ ನಿಂತು ನೋಡಿದಿರಿ. ಕ್ಯಾಸಲ್ ವಿಲಿಯಂ ದ್ವೀಪದಲ್ಲಿ ಬ್ಯಾರಕ್ ಇರುವಾಗ ಊರೊಳಗೆ ಯಾಕೆ ಅಂತ ಬಾಯಿ ಬಡ್ಕೊಂಡೆ, ಯಾರು ಕೇಳಿದರು? ಈಗ ನಮ್ಮ ಸ್ಯಾಮ್ಯುಯೆಲ್ ಗ್ರೇ ಹೋದ, ಹಗ್ಗ ಹೊಸೆದು ಬದುಕುತ್ತಿದ್ದವನು.

ಬೇಕರಿ ಎದುರು: ಅಣ್ಣ, ನಿಮ್ಮ ಸಂಕಟ ಗೊತ್ತು. ಆದರೆ ಶುಕ್ರವಾರದ ಜಗಳ ಶುರುವಾದದ್ದು ನಿಮ್ಮ ಕಾರ್ಖಾನೆಯಲ್ಲೇ ಅಲ್ವಾ? ಕೆಲಸ ಕೇಳಿಕೊಂಡು ಬಂದ ಸಿಪಾಯಿಗೆ ನಮ್ಮ ಕಕ್ಕಸು ತೊಳಿ ಅಂದವರು ಯಾರು?

ಹಗ್ಗದ ಕಾರ್ಖಾನೆ: ಅಂದರು, ಏನೀಗ? ದೊರೆಯ ಸಂಬಳವೂ ಬೇಕು, ಡ್ಯೂಟಿ ಮುಗಿದ ಮೇಲೆ ಕಡಿಮೆ ಕೂಲಿಗೆ ನಮ್ಮ ಕೆಲಸವೂ ಬೇಕು. ಚಳಿಗಾಲದಲ್ಲಿ ಮೊದಲೇ ಕೆಲಸ ಇಲ್ಲ, ಮನೆಯಲ್ಲಿ ಮಕ್ಕಳಿವೆ. ಒಬ್ಬ ಬೈಸಿಕೊಂಡ ಅಂತ ಗುಂಪು ಕಟ್ಟಿಕೊಂಡು ದೊಣ್ಣೆ ಹಿಡಿದು ವಾಪಸ್ ಬಂದವರು ಅವರು.

ವಿಗ್ ಅಂಗಡಿ ಪಕ್ಕ: ನಿನ್ನೆಯದಕ್ಕೆ ಹಗ್ಗ ಕಾರಣ ಅಲ್ಲ, ಕೂದಲು ಕಾರಣ, ಹ್ಹ ಹ್ಹ. ಆಫೀಸರ್ ವಿಗ್ ಬಿಲ್ ಕೊಟ್ಟಿಲ್ಲ ಅಂತ ಕೆಲಸದ ಹುಡುಗ ಕೂಗಿದ. ಅವರು ಕೊಟ್ಟಾಗಿತ್ತಂತೆ. ಕಾವಲಿನ ಸಿಪಾಯಿ ಬಂದೂಕನ್ನೇ ಬೀಸಿ ಹುಡುಗನ ತಲೆಗೆ ಬಾರಿಸಿದ.

ಮೂಲೆ ಮನೆ: ಸತ್ತವರನ್ನು ಇನ್ನೂ ಮಣ್ಣು ಮಾಡಿಲ್ಲ. ಆ ನಗು ಅಳಿಸಿ.

ಬೇಕರಿ ಎದುರು: ಹುಡುಗರದ್ದೂ ಸ್ವಲ್ಪ ನೋಡಿ. ಹಿಮದ ಉಂಡೆ, ಐಸ್ ಗಡ್ಡೆ, ಕೋಲು ಎಲ್ಲಾ ಎಸೆದರು. ಧೈರ್ಯ ಇದ್ರೆ ಹೊಡಿ ಅಂತ ಸಿಪಾಯಿಗಳ ಮುಖದ ಮುಂದೆ ಕೂಗಿದರು. ಮಕ್ಕಳನ್ನು ರಾತ್ರಿ 9ಕ್ಕೆ ಬೀದಿಗೆ ಬಿಟ್ಟವರು ನಾವೇ.

ಹಗ್ಗದ ಕಾರ್ಖಾನೆ: ಸೀಡರ್ ಹುಡುಗನಿಗೆ ಎಷ್ಟು ವಯಸ್ಸು? 11. ಫೆಬ್ರವರಿ 22ರಂದು ಹಾಡಹಗಲೇ ಕಸ್ಟಮ್ಸ್‌ನವನು ಗುಂಡು ಹೊಡೆದ. ಸಾವಿರಾರು ಜನ ಅವನ ಹೆಣದ ಹಿಂದೆ ನಡೆದು ಇನ್ನೂ ಎರಡು ವಾರ ಆಗಿಲ್ಲ, ನೀವು ಮಕ್ಕಳಿಗೆ ಬುದ್ಧಿ ಹೇಳ್ತೀರಿ! ಸಿಪಾಯಿಗಳಿಗೆ ಗೋದಾಮು ಬಾಡಿಗೆಗೆ ಕೊಟ್ಟವರೂ ಇದೇ ಗುಂಪಿನಲ್ಲಿದ್ದಾರೆ. ಹೆಸರು ಹೇಳಲಾ?

ವಾರ್ಫ್ ಗೋದಾಮು: ನೇರವಾಗಿ ನನಗೇ ಹೇಳಿ. ಖಾಲಿ ಗೋದಾಮಿತ್ತು, ಕೊಟ್ಟೆ. ನಾನು ಕೊಡದಿದ್ದರೆ ಬಯಲಲ್ಲಿ ಡೇರೆ ಹಾಕಿಕೊಂಡು ಇಲ್ಲೇ ಇರುತ್ತಿದ್ದರು. ಮೊದಲ ಸಲ ಬಂದಾಗ ಫ್ಯಾನ್ಯುಯಲ್ ಹಾಲ್‌ನಲ್ಲೇ ಮಲಗಲಿಲ್ಲವಾ?

ಚರ್ಚ್ ಎದುರು ಅಕ್ಕ: ಫಾರ್ವರ್ಡ್ ಬಂದದ್ದು: ಇಂಗ್ಲೆಂಡಿನ ಸುಂಕ ಒಲ್ಲದೆ ಟೀ ಬಿಟ್ಟವರು ಲ್ಯಾಬ್ರಡಾರ್ ಎಲೆ ಕುದಿಸಿ ಕುಡಿಯಿರಿ. ನಮ್ಮದೇ ನೆಲದ ಗಿಡ, ಸುಂಕ ಇಲ್ಲ.

ವಿಗ್ ಅಂಗಡಿ ಪಕ್ಕ: ನನ್ನ ಚರ್ಮದ ಬಕೆಟ್ ಟೌನ್ ಹೌಸ್ ಹತ್ತಿರ ಬಿದ್ದುಹೋಗಿದೆ. ಯಾರಿಗಾದರೂ ಸಿಕ್ಕರೆ ಹೇಳಿ.

ಮೂಲೆ ಮನೆ: ದಯವಿಟ್ಟು ಇದನ್ನು ಓದಿ. ಮಧ್ಯಾಹ್ನ 3ಕ್ಕೆ ಮತ್ತೆ ಸೇರಿದೆವು, ಜಾಗ ಸಾಲದೆ ಓಲ್ಡ್ ಸೌತ್ ಚರ್ಚ್‌ಗೆ ಹೋದೆವು. ಅಲ್ಲೂ ಕಾಲಿಡೋಕೆ ಜಾಗ ಇರಲಿಲ್ಲ. ಹಂಗಾಮಿ ಗವರ್ನರ್ ಹಚಿನ್ಸನ್ ಅವರ ಉತ್ತರ ಬಂದಿದೆ: 29ನೆಯದು ಮಾತ್ರ ದ್ವೀಪಕ್ಕೆ ಹೋಗುತ್ತದಂತೆ. ಎರಡೂ ಹೋಗಬೇಕು ಅಂತ ಹೇಳಲು ನಮ್ಮ ಮುಖಂಡರಾದ ಸ್ಯಾಮ್ಯುಯೆಲ್ ಆಡಮ್ಸ್ ಮತ್ತು ಇನ್ನು ಕೆಲವರು ಹೋಗಿದ್ದಾರೆ. ಇವತ್ತು ರಾತ್ರಿ ಬೀದಿ ಕಾಯಲು ನಮ್ಮವರೇ ಬೇಕು. ಹೆಸರು ಕೊಡಿ.

ಬೇಕರಿ ಎದುರು: ಗುಂಡು ಹಾರಿಸಿದವರು 29ನೆಯವರು. ಮೊದಲು ಅವರು ಹೋಗಲಿ, ಅವರ ಕ್ಯಾಪ್ಟನ್ ಪ್ರೆಸ್ಟನ್ ಹೇಗೂ ಜೈಲಲ್ಲಿದ್ದಾರೆ, ಕೋರ್ಟ್ ನೋಡಿಕೊಳ್ಳಲಿ.

ಹಗ್ಗದ ಕಾರ್ಖಾನೆ: ಒಂದನ್ನು ಕಳಿಸೋಕೆ ಅಧಿಕಾರ ಇದ್ದರೆ ಎರಡನ್ನೂ ಕಳಿಸೋಕೆ ಇದೆ. ಸಿಪಾಯಿಗಳು ಬಂದದ್ದು ಯಾರಿಗಾಗಿ? ಸುಂಕ ವಸೂಲಿ ಮಾಡೋ ಕಮಿಷನರ್‌ಗಳ ಕಾವಲಿಗೆ. ಸುಂಕ ಯಾವುದರ ಮೇಲೆ? ಗಾಜು, ಬಣ್ಣ, ಕಾಗದ, ಸೀಸ, ಟೀ. ಅದನ್ನೇ ಕೊಳ್ಳೋರು ನಮ್ಮ ಬೀದಿಯಲ್ಲಿ ಇನ್ನೂ ಇದ್ದಾರೆ. ಬುಡ ಇರೋದೇ ಅಲ್ಲಿ.

ಚರ್ಚ್ ಎದುರು ಅಕ್ಕ: ಅದು ನಿಜ. ಟೀ ಮುಟ್ಟಲ್ಲ ಅಂತ 300ಕ್ಕೂ ಜಾಸ್ತಿ ಹೆಂಗಸರು ಸಹಿ ಹಾಕಿದ್ದೇವೆ. ನಿಮ್ಮ ಮನೆಗಳಲ್ಲಿ ಏನು ಕುದೀತಿದೆ?

ವಾರ್ಫ್ ಗೋದಾಮು: ನಮ್ಮ ಮನೆಯಲ್ಲಿ ಟೀ ಇಲ್ಲ. ಬೇಕಾದರೆ ಬಂದು ಡಬ್ಬ ನೋಡಿ.

ಮೂಲೆ ಮನೆ: ಕಾವಲಿಗೆ ಇನ್ನೂ ಒಂದು ಹೆಸರೂ ಬಂದಿಲ್ಲ. ಕತ್ತಲಾಗುತ್ತಿದೆ.

ಹಗ್ಗದ ಕಾರ್ಖಾನೆ: ಅಕ್ಕ, ಇನ್ನೂ ಆ ಮಾಲು ಮಾರುವ ಅಂಗಡಿಗಳ ಪಟ್ಟಿ ಮಾಡೋಣ. ವಾರ್ಫ್ ಕಡೆಯಿಂದ ನಾನು ಶುರು ಮಾಡುತ್ತೇನೆ.

ಚರ್ಚ್ ಎದುರು ಅಕ್ಕ: ನಮ್ಮ ಕಡೆ ಎರಡಿವೆ. ಬರೆದುಕೊಳ್ಳಿ.