ಟ್ರ್ಯಾಕ್ ಟೈರಿನ ‘ಹಿಡಿತ’, ‘ಗಟ್ಟಿ’, ‘ಸವೆತ’, ‘ಜಾರು’: ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ರೇಸ್ ಟ್ರ್ಯಾಕಿನಲ್ಲಿ ಓಡಿಸಲೆಂದೇ ಮಾಡಿದ ಟೈರುಗಳನ್ನು ಕೆಲವರು ದಿನಬಳಕೆಯ ಕಾರಿಗೂ ಹಾಕಿಕೊಳ್ಳುತ್ತಾರೆ. ಅಂಥವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬರವಣಿಗೆ ನಿಂತಿದೆ. ನನಗೆ ತೋಚಿದ್ದನ್ನು ಇಲ್ಲಿ ಇಡುತ್ತೇನೆ. ಒಪ್ಪುತ್ತದೋ ಇಲ್ಲವೋ ಬಲ್ಲವರು ತಿಳಿಸಿ.

ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆಯಲು ನನ್ನ ತಕರಾರೇನೂ ಇಲ್ಲ. ಟೈರು, ಬ್ರೇಕು, ಸ್ಟೀರಿಂಗು ಎಲ್ಲ ನಮ್ಮವೇ ಆಗಿಹೋಗಿವೆ. ನನ್ನ ಚಿಂತೆ ಬೇರೆ. ನಾವು ದಿನಾ ಆಡುವ ಒಳ್ಳೊಳ್ಳೆ ಪದಗಳೇ ಈ ಟೈರಿನ ವಿಷಯಕ್ಕೆ ಬಂದಾಗ ತಪ್ಪು ಅರ್ಥ ಕೊಡುತ್ತಿವೆ. ಓದಿದವರು ಅದನ್ನು ನಂಬಿಕೊಂಡು ಮಳೆಯಲ್ಲಿ ಗಾಡಿ ಓಡಿಸಿದರೆ ಅಪಾಯ.

ಮೊದಲು ‘ಹಿಡಿತ’. ಟೈರು ರಸ್ತೆಯನ್ನು ಕಚ್ಚಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಪದ ಬೇಕಿಲ್ಲ. ಆದರೆ ‘ಈ ಟೈರಿಗೆ ಹಿಡಿತ ಜಾಸ್ತಿ’ ಎಂದು ಬರೆದ ಕೂಡಲೇ, ಆ ಹಿಡಿತ ಯಾವಾಗಲೂ ಇರುತ್ತದೆ ಎಂಬ ಅರ್ಥ ಬಂದುಬಿಡುತ್ತದೆ. ಟ್ರ್ಯಾಕ್ ಟೈರಿನಲ್ಲಿ ಹಾಗಿಲ್ಲ. ಅದರ ರಬ್ಬರು ಕಾದ ಮೇಲಷ್ಟೇ ಪೂರ್ತಿ ಹಿಡಿಯುತ್ತದೆ. ರೇಸಿಗೆ ತೀರ ಹತ್ತಿರದ ಟೈರುಗಳು ಸುಮಾರು 70ರಿಂದ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ತಮ್ಮ ಪೂರ್ತಿ ಕಸುವು ತೋರಿಸುತ್ತವೆ. ಟ್ರ್ಯಾಕಿನಲ್ಲಿ ಜೋರಾಗಿ ತಿರುವು ತೆಗೆದುಕೊಂಡು, ಬಲವಾಗಿ ಬ್ರೇಕ್ ಒತ್ತುತ್ತಾ ಒಂದೆರಡು ಸುತ್ತು ಹೊಡೆದರೆ ಆ ಬಿಸಿ ಬರುತ್ತದೆ. ವೇಗದ ಮಿತಿಯೊಳಗೆ ಕೆಲಸಕ್ಕೆ ಹೋಗಿ ಬರುವವರ ಟೈರು ಅಷ್ಟು ಬಿಸಿಯಾಗುವುದೇ ಇಲ್ಲ. ಬೆಳಗ್ಗೆ ಗೇಟು ದಾಟಿ ಮೊದಲ ತಿರುವಿಗೆ ಬಂದಾಗ ಅದು ರಾತ್ರಿಯಿಡೀ ನಿಂತು ತಣ್ಣಗಾದ ಟೈರು. ಆಗ ಯಾರಾದರೂ ಅಡ್ಡ ಬಂದು ಬ್ರೇಕ್ ಒತ್ತಬೇಕಾದರೆ, ಒಳ್ಳೆಯ ಸಾಧಾರಣ ರಸ್ತೆ ಟೈರೇ ಮೇಲು ಎನ್ನುವ ಸಂದರ್ಭಗಳಿವೆ.

ಹಾಗಾಗಿ ಬರೀ ‘ಹಿಡಿತ’ ಎಂದು ಬಿಡದೆ ‘ಕಾದಾಗಿನ ಹಿಡಿತ’, ‘ತಣ್ಣಗಿರುವಾಗಿನ ಹಿಡಿತ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿ ‘ಒಣ ಹಿಡಿತ’, ‘ಒದ್ದೆ ಹಿಡಿತ’ ಎಂದೂ ಬರೆಯಲು ಹೊರಟೆ. ಅಲ್ಲಿ ಇನ್ನೊಂದು ತೊಡಕು. ನಮ್ಮಲ್ಲಿ ‘ಒಣ’ ಎಂದು ಮುಂದೆ ಸೇರಿಸಿದರೆ ಹುರುಳಿಲ್ಲದ್ದು ಎಂಬ ಅರ್ಥವೂ ಇದೆ. ಒಣಜಂಬ, ಒಣಹರಟೆ, ಒಣಪ್ರತಿಷ್ಠೆ ಇವೆಯಲ್ಲ. ‘ಒಣ ಹಿಡಿತ’ ಎಂದರೆ ಸುಮ್ನೆ ಹೆಸರಿಗಿರುವ ಹಿಡಿತ ಎಂದು ಕೇಳಿಸುತ್ತದೆ. ‘ಒಣನೆಲದ ಹಿಡಿತ’, ‘ಒದ್ದೆನೆಲದ ಹಿಡಿತ’ ಎಂದರೆ ಈ ಗೊಂದಲ ಇರುವುದಿಲ್ಲ ಅಂತ ನನ್ನ ಅನಿಸಿಕೆ.

ಈಗ ‘ಗಟ್ಟಿ’. ನನಗೆ ಅತಿ ಹೆಚ್ಚು ಕೆಲಸ ಕೊಟ್ಟ ಪದ ಇದೇ. ಕನ್ನಡದಲ್ಲಿ ಗಟ್ಟಿ ಎನ್ನುವುದು ಹೊಗಳಿಕೆ. ಗಟ್ಟಿ ಮನುಷ್ಯ, ಗಟ್ಟಿ ಬಟ್ಟೆ, ಗಟ್ಟಿ ಮಾತು. ‘ಟೈರು ಗಟ್ಟಿ ಇದೆ’ ಎಂದರೆ ಚೆನ್ನಾಗಿ ಬಾಳುತ್ತದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಟ್ರ್ಯಾಕ್ ಟೈರಿನ ಬಗ್ಗೆ ಬರೆಯುವಾಗ ಈ ಒಂದೇ ಪದಕ್ಕೆ ಮೂರು ಕೆಲಸ ಬೀಳುತ್ತದೆ. ಅದರ ಪಕ್ಕದ ಗೋಡೆ ಹೆಚ್ಚು ಬಗ್ಗದಂತೆ ಮಾಡಿರುತ್ತಾರೆ, ತಿರುವಿನಲ್ಲಿ ಟೈರು ಹೊರಳಬಾರದು ಅಂತ. ಅದನ್ನೂ ಗಟ್ಟಿ ಅನ್ನುತ್ತೇವೆ. ನೆಲಕ್ಕೆ ತಾಗುವ ರಬ್ಬರು ಮಾತ್ರ ಮೆದು. ಆ ಮೆದು ರಬ್ಬರು ಚಳಿಯಲ್ಲಿ ಬಿಗಿದುಕೊಂಡರೆ ಅದಕ್ಕೂ ಗಟ್ಟಿ ಆಯಿತು ಅನ್ನುತ್ತೇವೆ. ಹಲವು ಸಲ ಕಾದು ಆರಿ ತನ್ನ ಮೆದುತನ ಕಳೆದುಕೊಂಡರೂ ಗಟ್ಟಿಯೇ. ಒಂದು ಬೇಕೆಂದೇ ಕೊಟ್ಟ ಗುಣ. ಇನ್ನೊಂದು ಹೊತ್ತಿಗೆ ತಕ್ಕ ಸ್ಥಿತಿ, ಬಿಸಿಯಾದರೆ ಹೋಗುತ್ತದೆ. ಮತ್ತೊಂದು ತಿರುಗಿ ಬಾರದ ಹಾಳು.

ನನ್ನ ಸಲಹೆ ಹೀಗಿದೆ. ಪಕ್ಕದ ಗೋಡೆಗೆ ‘ಬಿಗಿ’ ಎನ್ನೋಣ. ರಬ್ಬರು ಮೆದುತನ ಕಳೆದುಕೊಂಡಿದ್ದಕ್ಕೆ ‘ಪೆಡಸು’ ಎನ್ನೋಣ. ‘ಗಟ್ಟಿ’ಯನ್ನು ಬಾಳಿಕೆ ಬರುವುದಕ್ಕೇ ಉಳಿಸಿಕೊಳ್ಳೋಣ. ಪೆಡಸು ಎಂದರೆ ಬಗ್ಗದ್ದು, ಬಗ್ಗಿಸಲು ಹೋದರೆ ಮುರಿಯುವಂಥದ್ದು. ಇಲ್ಲಿ ಅಕ್ಷರಶಃ ಹೊಂದುತ್ತದೆ. ಚಳಿದೇಶಗಳಲ್ಲಿ ಬೇಸಿಗೆಗೆಂದು ಹಾಕುವ ಟೈರುಗಳ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಹಿಡಿತ ಕಳೆದುಕೊಳ್ಳುತ್ತಾ ಹೋಗುತ್ತದೆ. ಟ್ರ್ಯಾಕ್ ಟೈರುಗಳದ್ದು ಇನ್ನೂ ನಾಜೂಕು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಇಟ್ಟ ಟೈರನ್ನು ಹಾಗೇ ಓಡಿಸಿದರೆ ರಬ್ಬರು ಬಿರುಕು ಬಿಡಬಹುದು ಎಂದು ತಯಾರಿಸುವ ಕಂಪನಿಗಳೇ ಎಚ್ಚರಿಸುತ್ತವೆ. ಪೆಡಸನ್ನು ಕೈಯಲ್ಲೂ ತಿಳಿಯಬಹುದು. ಹೊಸ ಟೈರಿನ ಮೇಲೆ ಹೆಬ್ಬೆರಳಿನ ಉಗುರು ಒತ್ತಿದರೆ ಸ್ವಲ್ಪ ಇಳಿಯುತ್ತದೆ, ಗುರುತು ನಿಧಾನವಾಗಿ ಮಾಯುತ್ತದೆ. ಪೆಡಸಾದ ಟೈರು ಹೊಳೆಯುತ್ತಿರುತ್ತದೆ, ಉಗುರು ಅದರ ಮೇಲೆ ಜಾರುತ್ತದೆ. ತೋಡುಗಳು ಇನ್ನೂ ಆಳವಾಗಿಯೇ ಇದ್ದರೂ ಆ ಟೈರಿನ ಕತೆ ಮುಗಿದಿರುತ್ತದೆ.

‘ತೋಡು’ ಎಂದು ಬರೆದೆ ನೋಡಿ, ಟೈರಿನ ಮೇಲಿನ ಕಾಲುವೆಗಳಿಗೆ ನಾನು ಬಳಸುತ್ತಿರುವುದು ಇದನ್ನೇ. ‘ಗೀರು’ ತೀರ ಮೇಲುಮೇಲಿನದು. ಕೆಲವು ಕಡೆಯ ಮಾತಿನಲ್ಲಿ ತೋಡು ಎಂದರೆ ಸಣ್ಣ ಹಳ್ಳ. ಟೈರಿನ ತೋಡಿನ ಕೆಲಸವೂ ನೀರನ್ನು ಹೊರಗೆ ಹರಿಸುವುದೇ ಅಲ್ವಾ? ಇದರ ಬಗ್ಗೆ ನನಗೆ ಅನುಮಾನವಿಲ್ಲ.

ರಬ್ಬರು ಒಮ್ಮೆ ಚೆನ್ನಾಗಿ ಕಾದು ಪೂರ್ತಿ ಆರುವುದನ್ನು ಲೆಕ್ಕ ಇಡುತ್ತಾರೆ. ಪ್ರತಿ ಸಲವೂ ಅದು ಸ್ವಲ್ಪ ಪೆಡಸಾಗುತ್ತದೆ. ಇದಕ್ಕೆ ‘ಕಾವು’ ಸಾಕೇ? ‘ಈ ಟೈರು ಹತ್ತು ಕಾವು ಕಂಡಿದೆ’ ಎಂದರೆ ಕಿವಿಗೆ ಚೆನ್ನಾಗಿದೆ. ಆದರೆ ಕಾವು ಎನ್ನುವಾಗ ಆರುವುದು ಬಿಟ್ಟುಹೋಗುತ್ತದೆ. ಆರುವುದೂ ಅಷ್ಟೇ ಮುಖ್ಯ. ‘ಕಾದಾರು’ ಎಂದು ಜೋಡಿಸಿದರೆ ಆರು ಎಂಬ ಎಣಿಕೆ ನಡುವೆ ಬಂದು ಗೊಂದಲ. ನಿಮಗೆ ಬೇರೆ ಏನಾದರೂ ಹೊಳೆದರೆ ಹೇಳಿ.

‘ಸವೆತ’ದ ವಿಷಯಕ್ಕೆ ಬರುತ್ತೇನೆ. ಅಮೆರಿಕದ ನಿಯಮದಂತೆ ಟೈರಿನ ಪಕ್ಕದಲ್ಲಿ ಒಂದು ಅಂಕಿ ಅಚ್ಚು ಹಾಕಿರುತ್ತಾರೆ. ಬೇರೆ ದೇಶಗಳಲ್ಲಿ ಮಾರುವ ಎಷ್ಟೋ ಟೈರುಗಳ ಮೇಲೂ ಅದು ಕಾಣುತ್ತದೆ. ಟ್ರ್ಯಾಕ್ ಟೈರು ಕೊಳ್ಳುವವರು ಮೊದಲು ನೋಡುವುದೇ ಅದನ್ನು. ಅದರ ಇಂಗ್ಲಿಷ್ ಹೆಸರನ್ನು (ಟ್ರೆಡ್‌ವೇರ್) ಪದಕ್ಕೆ ಪದ ತಂದರೆ ‘ಸವೆತದ ಅಂಕಿ’ ಆಗುತ್ತದೆ. ‘ಸವೆತ 40’, ‘ಸವೆತ 400’ ಎಂದು ಓದಿದರೆ ಯಾವುದು ಬೇಗ ಸವೆಯುತ್ತದೆ ಅನ್ನಿಸುತ್ತದೆ? 400 ಎಂದೇ ಅಲ್ಲವೇ? ನಿಜ ಪೂರ್ತಿ ತಿರುಗುಮುರುಗು. ಅಂಕಿ ದೊಡ್ಡದಾದಷ್ಟೂ ಟೈರು ಹೆಚ್ಚು ಕಾಲ ಬರುತ್ತದೆ. ಟೆಕ್ಸಾಸಿನ ಸಾರ್ವಜನಿಕ ರಸ್ತೆಗಳಲ್ಲಿ ಸುಮಾರು 640 ಕಿಲೋಮೀಟರಿನ ಒಂದು ಸುತ್ತುದಾರಿ ಗೊತ್ತು ಮಾಡಿದ್ದಾರೆ. ಅಲ್ಲಿ ಒಟ್ಟು 11,500 ಕಿಲೋಮೀಟರಿಗೂ ಮಿಕ್ಕಿ ಓಡಿಸಿ, ಮಾದರಿ ಟೈರಿನ ಜೊತೆ ಹೋಲಿಸಿ ಸವೆತ ಅಳೆಯುತ್ತಾರೆ. ಮಾದರಿಗೆ 100 ಅಂಕಿ. ಅದರ ಎರಡರಷ್ಟು ಬಾಳಿದರೆ 200. ಹಾಗಾಗಿ ‘ಬಾಳಿಕೆ ಅಂಕಿ’ ಎಂದು ಕರೆಯಬೇಕು ಎಂದು ಬಲವಾಗಿ ಹೇಳುತ್ತೇನೆ. ಬಾಳಿಕೆ ಎಂಬ ಚೆಂದದ ಪದ ಕೈಯಲ್ಲೇ ಇರುವಾಗ ಸವೆತಕ್ಕೆ ಜೋತುಬೀಳುವುದೇಕೆ?

ಟ್ರ್ಯಾಕ್ ಟೈರುಗಳ ಪೈಕಿ ಹೂಸಿಯರ್ ಎ7ಗೆ 40, ಟೊಯೊ ಆರ್888ಆರ್‌ಗೆ 100, ಯೊಕೊಹಾಮಾ ಅಡ್ವಾನ್ ಎ052ಗೆ 200. ಮನೆಮಂದಿ ಓಡಾಡುವ ಕಾರುಗಳ ಟೈರುಗಳಿಗೆ 400, 500 ಸಾಮಾನ್ಯ. 200 ಎಂಬ ಅಂಕಿಗೆ ತೂಕ ಬಂದಿರುವುದು ಹವ್ಯಾಸಿ ಪಂದ್ಯಗಳಿಂದ. ಹಲವು ವಿಭಾಗಗಳಲ್ಲಿ 200ಕ್ಕಿಂತ ಕಡಿಮೆಯ ಟೈರನ್ನು ಬಿಡುವುದಿಲ್ಲ. ಆದ್ದರಿಂದ ಸರಿಯಾಗಿ 200 ಅಂಕಿಯಿಟ್ಟು, ಒಳಗೆ ಪಂದ್ಯಕ್ಕೆ ಬೇಕಾದ ಮೆದು ರಬ್ಬರು ಹಾಕಿದ ಟೈರುಗಳೇ ಹುಟ್ಟಿಕೊಂಡಿವೆ. ಈ ಅಂಕಿಯನ್ನು ಕೊಡುವುದು ತಯಾರಿಸಿದ ಕಂಪನಿಯೇ. ಒಂದು ಕಂಪನಿಯ 200, ಇನ್ನೊಂದರ 200 ರಸ್ತೆಯಲ್ಲಿ ಒಂದೇ ಥರ ಬಾಳುತ್ತವೆ ಎಂದು ನಂಬುವ ಹಾಗಿಲ್ಲ. ಕೈಪಿಡಿಯಲ್ಲಿ ಇದನ್ನು ಬಿಡಿಸಿ ಹೇಳುತ್ತೇನೆ. ಪದವಾದರೂ ಮೊದಲ ನೋಟಕ್ಕೇ ದಾರಿ ತಪ್ಪಿಸದಿರಲಿ.

ಟೈರಿನ ಮೇಲೆ ಈ ಬಾಳಿಕೆ ಅಂಕಿಯ ಪಕ್ಕದಲ್ಲೇ ಎಎ, ಎ, ಬಿ, ಸಿ ಎಂಬ ದರ್ಜೆ ಇರುತ್ತದೆ. ಅದಕ್ಕೆ ‘ಹಿಡಿತದ ದರ್ಜೆ’ ಎಂದು ಬರೆದಿದ್ದನ್ನು ಕಂಡಿದ್ದೇನೆ. ಬೇಡ. ಅದು ಅಳೆಯುವುದು ಒದ್ದೆ ನೆಲದಲ್ಲಿ, ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ, ನೇರ ಹೋಗುವಾಗಿನ ಬ್ರೇಕ್ ಹಿಡಿತವನ್ನು ಮಾತ್ರ. ತಿರುವಿಗೂ ಅದಕ್ಕೂ ಸಂಬಂಧವಿಲ್ಲ. ‘ಒದ್ದೆನೆಲದ ಬ್ರೇಕ್ ದರ್ಜೆ’ ಉದ್ದವಾದರೂ ಸರಿ.

‘ಜಾರು’ ಮತ್ತು ‘ತೇಲು’ ಬಗ್ಗೆ ನಿಮ್ಮ ಸಹಾಯ ನಿಜವಾಗಿಯೂ ಬೇಕು. ಟೈರು ನೆಲವನ್ನು ತಾಗಿಯೇ ಇದ್ದು ಹಿಡಿತ ಬಿಟ್ಟರೆ ಜಾರುತ್ತದೆ. ವೇಗವಾಗಿ ಹೋಗುವಾಗ ಎದುರಿಗೆ ಬಂದ ನೀರನ್ನು ಹೊರಗೆ ಹರಿಸಲು ತೋಡುಗಳಿಗೆ ಸಾಧ್ಯವಾಗದಿದ್ದರೆ ಆಗುವುದೇ ಬೇರೆ. ನೀರು ಟೈರಿನ ಕೆಳಗೆ ನುಗ್ಗಿ ಅದನ್ನು ನೆಲದಿಂದ ಎತ್ತಿಬಿಡುತ್ತದೆ. ನಮ್ಮ ಮಾತಿನಲ್ಲಿ ಎರಡಕ್ಕೂ ‘ಗಾಡಿ ಜಾರಿತು’, ‘ಸ್ಕಿಡ್ ಆಯ್ತು’. ಟ್ರ್ಯಾಕ್ ಟೈರಿನಲ್ಲಿ ಎರಡನೆಯದರ ಭಯ ಜಾಸ್ತಿ. ಸಾಧಾರಣ ಹೊಸ ಟೈರಿನ ತೋಡು ಸುಮಾರು 8 ಮಿಲಿಮೀಟರ್ ಆಳ. ಟ್ರ್ಯಾಕ್ ಟೈರಿಗೆ ಹೊಸದರಲ್ಲೇ ಅದಕ್ಕಿಂತ ಕಡಿಮೆ. ತೋಡುಗಳ ಸಂಖ್ಯೆಯೂ ಕಡಿಮೆ, ಟೈರಿನ ಅಗಲ ಹೆಚ್ಚು. ಬಹಳ ದೇಶಗಳ ಕಾನೂನು ಕೇಳುವ ಕನಿಷ್ಠ ಆಳ 1.6 ಮಿಲಿಮೀಟರ್. ಆ ಮಿತಿಯ ಹತ್ತಿರ ಬಂದ ಇಂಥ ಟೈರಿನಲ್ಲಿ ಹೆದ್ದಾರಿಯ ಮಳೆಗೆ ಹೋಗಬಾರದು ಎಂದೇ ನಾನು ಬರೆಯುತ್ತಿದ್ದೇನೆ.

ನೀರು ಟೈರನ್ನು ಎತ್ತಿದ ಗಳಿಗೆಯಲ್ಲಿ ಸ್ಟೀರಿಂಗು ಒಮ್ಮೆಲೇ ಹಗುರವಾಗುತ್ತದೆ. ತಿರುಗಿಸಿದರೂ ಗಾಡಿ ಕೇಳುವುದಿಲ್ಲ. ಆಗ ಬ್ರೇಕ್ ಜೋರಾಗಿ ಒತ್ತಬಾರದು, ಸ್ಟೀರಿಂಗನ್ನು ಎಳೆದಾಡಬಾರದು. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು, ನೇರ ಹಿಡಿದು, ಟೈರು ಮತ್ತೆ ನೆಲ ಮುಟ್ಟುವವರೆಗೆ ತಾಳಬೇಕು. ಬರೀ ‘ಜಾರಿತು’ ಎಂದು ಬರೆದರೆ ಓದುವವರಿಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ. ‘ತೇಲಿತು’ ಎಂದರೆ ಪ್ರವಾಹದಲ್ಲಿ ಕೊಚ್ಚಿಹೋಗುವ ಕಾರು ಕಣ್ಣ ಮುಂದೆ ಬರುತ್ತದೆ. ನಿಜಕ್ಕೂ ಅದಕ್ಕೆ ಬೇಕಾಗುವುದು ಕೆಲವು ಮಿಲಿಮೀಟರ್ ನೀರು, ಜೊತೆಗೆ ವೇಗ. ‘ಟೈರು ನೀರಿನ ಮೇಲೆ ಹತ್ತಿತು’ ಎಂಬುದು ನನಗೆ ಇಷ್ಟವಾಗಿದೆ. ಎತ್ತುವ ಕೆಲಸ ಅದರಲ್ಲಿ ಕಾಣುತ್ತದೆ. ನಾಮಪದ ಬೇಕಾದರೆ ‘ನೀರೇರು’ ಎನ್ನಬಹುದೇ? ‘ಭತ್ತಕ್ಕೆ ನೀರೆರೆ’ ಎನ್ನುವುದರ ಜೊತೆ ಗೊಂದಲವಾಗುತ್ತದೆಯೋ?

ಗಾಳಿಯ ವಿಷಯ ಚಿಕ್ಕದು, ಆದರೆ ಇದಕ್ಕೇ ಸೇರಿದ್ದು. ಟೈರು ಕಾದರೆ ಒಳಗಿನ ಗಾಳಿಯ ಒತ್ತಡ ಏರುತ್ತದೆ, ಪ್ರತಿ 5ರಿಂದ 6 ಡಿಗ್ರಿಗೆ ಸುಮಾರು 1 ಪಿಎಸ್‌ಐ. ಅದಕ್ಕೇ ಟ್ರ್ಯಾಕಿಗೆ ಇಳಿಯುವವರು ಗಾಳಿ ಸ್ವಲ್ಪ ಬಿಡುತ್ತಾರೆ. ಮನೆಗೆ ಹೊರಡುವ ಮುಂಚೆ ಮತ್ತೆ ಗಾಳಿ ಹಿಡಿಸದಿದ್ದರೆ, ಟೈರು ತಣ್ಣಗಾದ ಮೇಲೆ ಒತ್ತಡ ಇನ್ನೂ ಇಳಿಯುತ್ತದೆ. ಒತ್ತಡ ಇಳಿದಷ್ಟೂ ಟೈರು ಬೇಗ ನೀರಿನ ಮೇಲೆ ಹತ್ತುತ್ತದೆ. ಕಾರಿನ ಬಾಗಿಲ ಬಳಿ ಬರೆದಿರುವ ಒತ್ತಡ ಟೈರು ತಣ್ಣಗಿದ್ದಾಗಿನದು. ಅದನ್ನು ‘ತಣ್ಣನೆಯ ಗಾಳಿ’ ಎಂದು ಬರೆದರೆ ಸಂಜೆಯ ತಂಗಾಳಿ ಆಗಿಬಿಡುತ್ತದೆ. ‘ಟೈರು ತಣ್ಣಗಿದ್ದಾಗಿನ ಒತ್ತಡ’ ಎಂದು ಪೂರ್ತಿ ಬರೆಯುವುದೇ ಲೇಸು.

‘ಬೋಳು ಟೈರು’ ಎಂಬುದನ್ನು ಸ್ಲಿಕ್ ಟೈರಿಗೆ ಬಳಸಬಾರದು ಎಂದು ನನ್ನ ಒತ್ತಾಯ. ಬೋಳು ಎಂದರೆ ಇದ್ದದ್ದು ಸವೆದು ಹೋದದ್ದು. ಸ್ಲಿಕ್ ಹುಟ್ಟುವಾಗಲೇ ತೋಡಿಲ್ಲದ್ದು, ರಸ್ತೆಗೆ ಅದಕ್ಕೆ ಅನುಮತಿಯಿಲ್ಲ. ಒಂದೇ ಹೆಸರಿಟ್ಟರೆ, ಸವೆದ ಟೈರೂ ರೇಸ್ ಟೈರಿನ ಹಾಗೆ ಹಿಡಿಯುತ್ತದೆ ಎಂಬ ಮಾತಿಗೆ ನಾವೇ ಬೆಂಬಲ ಕೊಟ್ಟಂತಾಗುತ್ತದೆ. ಸವೆದು ಉಳಿದ ಹಳೇ ರಬ್ಬರಿಗೂ ಸ್ಲಿಕ್ಕಿನ ಮೆದು ರಬ್ಬರಿಗೂ ಹೋಲಿಕೆಯೇ ಇಲ್ಲ. ಅರೆ ಸ್ಲಿಕ್ಕಿಗೆ ‘ಅರೆಬೋಳು’ ಎನ್ನುವುದೂ ಹಾಗೇ, ಬೇಡ.

ಅಗಲದ ಬಿಗಿ ಟೈರು ಹಾಕಿದಾಗ ರಸ್ತೆಯಲ್ಲಿ ಲಾರಿಗಳು ತುಳಿದು ಮಾಡಿದ ತಗ್ಗಿನ ಗೆರೆಗಳ ಹಿಂದೆ ಸ್ಟೀರಿಂಗು ತಾನೇ ಹೋಗುತ್ತದೆ. ಇದಕ್ಕೆ ‘ಜಾಡು ಹಿಡಿಯುವುದು’ ಹೇಳಿ ಮಾಡಿಸಿದಂತಿದೆ. ‘ಗಾಡಿ ಎಳೆಯುತ್ತೆ’ ಎಂದರೆ ಜನ ವೀಲ್ ಅಲೈನ್‌ಮೆಂಟ್ ಮಾಡಿಸಲು ಹೋಗುತ್ತಾರೆ. ಜಾಡು ಹಿಡಿಯುವುದು ದೋಷವಲ್ಲ, ಆ ಟೈರಿನ ಸ್ವಭಾವ.

ಕೊನೆಯದಾಗಿ ಇನ್ನೊಂದು ಜೋಡಿ. ಈ ಟೈರುಗಳ ಪಕ್ಕದಲ್ಲಿ ಅಮೆರಿಕದ ಡಿಒಟಿ ಗುರುತು ಅಥವಾ ಯುರೋಪು ಮೊದಲಾದೆಡೆಯ, ವೃತ್ತದೊಳಗಿನ ಇ ಗುರುತು ಇರುತ್ತದೆ. ಕಾನೂನು ಕೇಳುವ ಮಟ್ಟವನ್ನು ಟೈರು ಮುಟ್ಟಿದೆ ಎಂದು ಅದರರ್ಥ. ಅದನ್ನು ‘ರಸ್ತೆಗೆ ಒಪ್ಪುವ ಟೈರು’ ಎಂದು ಬರೆಯುವವರಿದ್ದಾರೆ. ಒಪ್ಪುವುದು ಎಂದರೆ ನಮ್ಮಲ್ಲಿ ಹೊಂದುವುದು, ಚೆಂದ ಕಾಣುವುದು. ಈ ಗುರುತು ಅಷ್ಟು ಹೇಳುವುದಿಲ್ಲ. ‘ರಸ್ತೆ ಅನುಮತಿಯ ಟೈರು’ ಎಂದು ನಾನು ಬರೆದಿದ್ದೇನೆ. ಕೇಳಲು ಸ್ವಲ್ಪ ಕಚೇರಿ ಭಾಷೆಯಂತಿದೆ. ಇದಕ್ಕಿಂತ ಸಲೀಸಾದ ಪದ, ಜೊತೆಗೆ ‘ನೀರೇರು’ ಮತ್ತು ‘ಕಾವು’ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ. ಗ್ಯಾರೇಜಿನಲ್ಲಿ, ಟೈರು ಅಂಗಡಿಯಲ್ಲಿ ಕೆಲಸ ಮಾಡುವವರು ಇವುಗಳಿಗೆ ಬೇರೆ ಹೆಸರು ಹೇಳುವುದನ್ನು ಕೇಳಿದ್ದರೆ ಅದನ್ನು ಮೊದಲು ಬರೆಯಿರಿ.